ಬಸಲಿಂಗವ್ವನ ಗಿರಣಿಯೂ ಥರ್ಮಾಕೋಲಿನ ಬೀಸುಕಲ್ಲೂ

ನಮ್ಮ ಧಾರವಾಡದ ಮನೆಯ ಪಡಸಾಲೆಯಲ್ಲಿ ಒಂದು ಬೀಸುಕಲ್ಲಿದೆ. ಬಂದವರೆಲ್ಲ ಅದನ್ನು ಕಂಡು, ಹಳೆಯ ಕಾಲದ್ದನ್ನು ಛಲೋ ಇಟ್ಟುಕೊಂಡೀರಿ ಎಂದು ಮೆಚ್ಚಿ, ನಮ್ಮನ್ನು ಸಂಸ್ಕೃತಿವಂತರ ಸಾಲಿಗೆ ಸೇರಿಸಿ ಸೋಫಾದ ಮೇಲೆ ಕೂಡುತ್ತಾರೆ. ಸೆಕೆಯ ದಿನವಾದರೆ ನಾನು ಫ್ಯಾನು ಹಾಕುತ್ತೇನೆ. ಬೀಸುಕಲ್ಲು ಕೂತಲ್ಲಿಯೇ ಸ್ವಲ್ಪ ಓಲಾಡಿ, ಮೆಲ್ಲಗೆ ಜಾರುತ್ತ ಹೋಗಿ ಟೀಪಾಯಿಯ ಕಾಲಿಗೆ ಆನಿಕೊಂಡು ನಿಲ್ಲುತ್ತದೆ. ಬಂದವರು ಆಮೇಲೆ ಚಹಾ ಕುಡಿಯುವಾಗ ಬಹಳ ಮಾತಾಡುವುದಿಲ್ಲ.

ಅದು ಥರ್ಮಾಕೋಲಿನದು. ಮೇಲೆ ಕರಿ ಬಣ್ಣ ಬಳಿದಿದ್ದಾರೆ, ಹಿಡಿಕೆಯೊಂದೇ ನಿಜವಾದ ಕಟ್ಟಿಗೆ. ಒಂದು ಅಂಚು ಮುರಿದು ಒಳಗಿನ ಬಿಳುಪು ಕಾಣುತ್ತಿತ್ತು. ನಮ್ಮ ಮನೆಯವರು ಅದಕ್ಕೆ ಬೂಟಿನ ಪಾಲಿಶ್ ಹಚ್ಚಿ ಸರಿಮಾಡಿದರು. ನಿವೃತ್ತರಾದ ಮೇಲೆ ಅವರು ಕೈಗೆತ್ತಿಕೊಂಡು ಪೂರ್ತಿ ಮಾಡಿದ ಕೆಲಸ ಇದೊಂದೇ. ಮೊಮ್ಮಗಳು ಬಂದಾಗ ಈ ಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಅಜ್ಜನ ಮೇಲೆ ಎಸೆಯುತ್ತಾಳೆ, ಅಜ್ಜ ಸತ್ತಂತೆ ಬೀಳುತ್ತಾರೆ. ಹಾಗೆಂದು ಇದನ್ನು ಆಟದ ಸಾಮಾನು ಎಂದುಕೊಳ್ಳಬೇಡಿ. ಇದು ನಮ್ಮ ದೊಡ್ಡವ್ವ ಜೀವನದಲ್ಲಿ ಅನುಭವಿಸಿದ ಕಷ್ಟ. ಆಕೆಯ ಆತ್ಮಕಥೆಯ ಮೇಲೆ ತೆಗೆದ ಸಿನಿಮಾದಲ್ಲಿ ಆಕೆ ಈ ಕಲ್ಲಿನ ಮುಂದೆ ಕೂತು ಹೆಚ್ಚುಕಡಿಮೆ ಅರ್ಧ ಕಥೆ ಮುಗಿಯುವವರೆಗೂ ಅಳುತ್ತಾಳೆ. ಹಿಟ್ಟು ಎಷ್ಟು ಬಂತೋ ತಿಳಿಯದು, ನೋಡಿದವರ ಸೆರಗುಗಳಂತೂ ಒದ್ದೆಯಾದವು.

ದೊಡ್ಡವ್ವ ಮಾತ್ರ ತನ್ನ ಜನ್ಮದಲ್ಲಿ ಬೀಸುಕಲ್ಲು ತಿರುಗಿಸಿದವಳಲ್ಲ. ಆಕೆ ಕರೆಂಟಿನ ಗಿರಣಿ ನಡೆಸಿದವಳು.

ದೊಡ್ಡವ್ವ ಎಂದರೆ ನಮ್ಮ ಅವ್ವನ ಅಕ್ಕ, ನೀಲವ್ವ. ಹುಟ್ಟಿದ್ದು ಸುಳ್ಳ ಎಂಬ ಹಳ್ಳಿಯಲ್ಲಿ, ಕೊಟ್ಟಿದ್ದು ಹುಬ್ಬಳ್ಳಿಯ ಕಮರಿಪೇಟೆಗೆ. ಕೊಟ್ಟ ಮನೆಯಲ್ಲಿ ಆಕೆಯ ಅತ್ತೆ ಬಸಲಿಂಗವ್ವ ಒಂದು ಹಿಟ್ಟಿನ ಗಿರಣಿ ಇಟ್ಟಿದ್ದಳು. ಮನೆಗೂ ಗಿರಣಿಗೂ ನಡುವೆ ಒಂದೇ ಬಾಗಿಲು. ಇವತ್ತಿಗೂ ಓಣಿಯವರ ಬಾಯಲ್ಲಿ ಅದು ಬಸಲಿಂಗವ್ವನ ಗಿರಣಿಯೇ. ಬೋರ್ಡಿನ ಮೇಲೂ ಹಾಗೇ ಇದೆ. ನಮ್ಮ ಕಡೆ ಪ್ರೀತಿ ಹೆಚ್ಚಾದಷ್ಟೂ ಬಹುವಚನ ಕಡಿಮೆಯಾಗುತ್ತದೆ. ಆದ್ದರಿಂದ ಇವರಿಬ್ಬರನ್ನೂ ನಾನು ‘ಅವರು’ ಎನ್ನಲಾರೆ. ಎಂದರೆ ದೊಡ್ಡವ್ವ ನನಗೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾಳೆ.

ಗಿರಣಿಯನ್ನು ಮಗನಿಗೆ ಒಪ್ಪಿಸಬೇಕೆಂಬುದು ಬಸಲಿಂಗವ್ವನ ಮೊದಲ ಲೆಕ್ಕಾಚಾರ. ಆದರೆ ಮಗನಿಗೆ, ಅಂದರೆ ನಮ್ಮ ದೊಡ್ಡಪ್ಪನಿಗೆ, ಹಿಟ್ಟಿನ ಧೂಳು ಮೂಗಿಗೆ ತಗಲಿದರೆ ಸಾಕು, ಸೀನು ಶುರುವಾಗಿ ನಿಲ್ಲುತ್ತಲೇ ಇರಲಿಲ್ಲ. ಹೀಗಾಗಿ ಅವನು ಒಂದು ಸಾಲಿಯಲ್ಲಿ ಕಾರಕೂನನಾದ. ಸಂಜೆ ಮನೆಗೆ ಬರುವಾಗ ಗಿರಣಿಯ ಕಡೆಯಿಂದ ಬಾರದೆ ಹಿತ್ತಲ ಬಾಗಿಲಿನಿಂದ ಬರುತ್ತಿದ್ದ. ಆದರೂ ಮೂಗು ಬಿಡಬೇಕಲ್ಲ. ಒಳಗಿನಿಂದ ದೊಡ್ಡದೊಂದು ಸೀನು ಕೇಳಿದ ಕೂಡಲೇ ಪಾಳಿಯಲ್ಲಿ ಡಬ್ಬಿ ಇಟ್ಟುಕೊಂಡು ನಿಂತ ಹೆಂಗಸರು ದೊಡ್ಡವ್ವನಿಗೆ, ನಿಮ್ಮವರು ಬಂದ್ರು ನೋಡ್ರಿ ಎಂದು ಹೇಳಿ ನಗುತ್ತಿದ್ದರು. ಮಗ ಹೀಗಾದದ್ದಕ್ಕೆ ಬಸಲಿಂಗವ್ವ ಸೊಸೆಯ ಮೇಲೆ ಕಣ್ಣಿಟ್ಟಳು.

ಚಿಕ್ಕವರಿದ್ದಾಗ ಸಾಲಿಗೆ ಸೂಟಿ ಬಿಟ್ಟ ಕೂಡಲೇ ನಾವು ಧಾರವಾಡದಿಂದ ಬಸ್ಸು ಹತ್ತಿ ಕಮರಿಪೇಟೆಗೆ ಹೊರಡುತ್ತಿದ್ದೆವು. ಅವ್ವ ಜೊತೆಗೆ ಒಂದು ಡಬ್ಬಿ ಜೋಳ ಹೊರಿಸುತ್ತಿದ್ದಳು. ಧಾರವಾಡದಲ್ಲಿ ಗಿರಣಿಗಳಿಲ್ಲವೆಂದಲ್ಲ. ಧಾರವಾಡದ ಗಿರಣಿಯವರು ಬಹಳ ನಯವಾಗಿ ಮಾತಾಡುತ್ತಾರೆ, ಹಿಟ್ಟು ಮಾತ್ರ ತರಿ ತರಿ ಎಂಬುದು ಅವ್ವನ ದೂರು. ಗಿರಣಿಯ ಆ ಬಿಸಿ ಹಿಟ್ಟಿನ ವಾಸನೆ ನನಗೆ ಈಗಲೂ ಹಸಿವೆ ತರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಎಲ್ಲರ ಹುಬ್ಬೂ ಬೆಳ್ಳಗಾಗಿ, ಸಣ್ಣವರು ದೊಡ್ಡವರು ಎಲ್ಲ ಒಂದೇ ವಯಸ್ಸಿನವರಾಗಿ ಕಾಣುತ್ತಿದ್ದೆವು. ಬಸಲಿಂಗವ್ವ ಸೊಂಟದ ಮೇಲೆ ಎಡಗೈ ಇಟ್ಟುಕೊಂಡು, ಜೀವಮಾನವೆಲ್ಲ ಡಬ್ಬಿ ಹೊತ್ತು ಒಂದು ಕಡೆಗೆ ವಾಲಿದ ನಡಿಗೆಯಲ್ಲಿ ಬರುತ್ತಿದ್ದಳು. ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ, ಆ ಬೆರಳನ್ನು ಕೆನ್ನೆಗೆ ತಗಲಿಸಿ ನೋಡುತ್ತಿದ್ದಳು. ಹಿಟ್ಟು ಸುಡುತ್ತಿದ್ದರೆ ಗಿರಣಿಯೊಳಗಿನ ಕಲ್ಲು ಬಿಗಿಯಾಗಿದೆ, ಸಡಿಲಿಸಬೇಕು ಎಂದು ಲೆಕ್ಕ. ಆಕೆಯ ಫೋಟೋ ಮನೆಯಲ್ಲಿ ಒಂದೇ ಒಂದಿದೆ. ದೊಡ್ಡವ್ವನ ಮದುವೆಯದು. ಫೋಟೋದವನು ಗುಂಡಿ ಒತ್ತುವ ಹೊತ್ತಿಗೆ ಗಿರಣಿಯ ಸದ್ದು ಬದಲಾಯಿತೆಂದು ಬಸಲಿಂಗವ್ವ ಆ ಕಡೆ ಕತ್ತು ತಿರುಗಿಸಿದಳಂತೆ. ಫೋಟೋದಲ್ಲಿರುವುದು ಆಕೆಯ ತುರುಬು ಮತ್ತು ಒಂದು ಕಿವಿ.

ದೊಡ್ಡವ್ವ ಆತ್ಮಕಥೆ ಬರೆದದ್ದು ಯಾರ ಒತ್ತಾಯಕ್ಕೂ ಅಲ್ಲ, ಕರೆಂಟ್ ಹೋಗುತ್ತಿದ್ದ ಕಾರಣಕ್ಕೆ. ಕರೆಂಟ್ ಹೋದರೆ ಗಿರಣಿ ನಿಲ್ಲುತ್ತದೆ, ಪಾಳಿ ಹಚ್ಚಿದವರು ಎದ್ದು ಹೋಗುವುದಿಲ್ಲ. ಅವರನ್ನು ಕೂಡಿಸಿಕೊಂಡು ದೊಡ್ಡವ್ವ ಕಥೆ ಹೇಳುತ್ತಿದ್ದಳು. ಯಾರ ಗೋಧಿಯಲ್ಲಿ ಯಾರ ಕಡಲೆ ಬೆರೆತು ಜಗಳವಾಯಿತು, ಖಾರದಪುಡಿ ಬೀಸಿದ ದಿನ ಬೀಗರು ಬಂದು ಹೇಗೆ ಕಣ್ಣೀರಿಟ್ಟರು, ಇಂಥವು. ಅಷ್ಟು ವರ್ಷ ಗಿರಣಿಯ ಸದ್ದಿನ ಮೇಲೆ ಮಾತಾಡಿ ಆಕೆಯ ದನಿ ಹೇಗಾಗಿದೆ ಎಂದರೆ, ಆಕೆ ಫೋನು ಮಾಡಿದಾಗ ನಮ್ಮ ಮನೆಯವರು ಹಿತ್ತಲಲ್ಲಿ ಕೂತೇ ಉತ್ತರ ಕೊಡುತ್ತಾರೆ. ನಾನು ಕನ್ನಡದ ಮಾಸ್ತರಿಕೆ ಮಾಡಿ ನಿವೃತ್ತಳಾದವಳು, ಕೈ ಸುಮ್ಮನಿರದು. ಆಕೆ ಹೇಳಿದ್ದನ್ನು ಬರೆದುಕೊಂಡೆ. ‘ಗಿರಣಿ ನಡದೈತಿ’ ಎಂದು ಪುಸ್ತಕವಾಯಿತು.

ಅದರಲ್ಲಿ ಎರಡು ಸಾಲು ಹೀಗಿವೆ: ‘ಆವತ್ತು ಅತ್ತಿ ನನ್ನ ಹೆರಳು ಕತ್ತರಿಸಿದಳು. ಮರುದಿನದಿಂದ ಗಿರಣಿ ನನ್ನ ಕೈಗೆ ಬಂತು.’ ಇಷ್ಟೇ ಬರೆದರೆ ಓದುವವರಿಗೆ ತಿಳಿಯುವುದಿಲ್ಲ, ಹೆರಳು ಬೆಲ್ಟಿಗೆ ಸಿಕ್ಕಿದ್ದನ್ನೂ ಸೇರಿಸೋಣ ಎಂದು ನಾನು ಹೇಳಿ ನೋಡಿದೆ. ದೊಡ್ಡವ್ವ ನನ್ನನ್ನು ಕನಿಕರದಿಂದ ನೋಡಿದಳು.

“ಗಿರಣಿ ಅಂದ ಮ್ಯಾಲ ಬೆಲ್ಟ್ ಇರತೈತಿ, ಬೆಲ್ಟ್ ಅಂದ ಮ್ಯಾಲ ಹೆರಳಾ ಸಿಗತೈತಿ. ಅದನ್ನೂ ಬಿಡಿಸಿ ಹೇಳಬೇಕೇನು? ಓದಾವ್ರು ಏನ ಸಣ್ಣ ಹುಡುಗೂರಾ?”

ಕಮರಿಪೇಟೆಯಲ್ಲಿ ಅದನ್ನು ಓದಿದ ಯಾರಿಗೂ ಅನುಮಾನ ಬರಲಿಲ್ಲ ಎಂಬುದೂ ನಿಜ. ಹೆರಳಿನ ಕಥೆ ಗೊತ್ತಿಲ್ಲದವರು ಆ ಓಣಿಯಲ್ಲಿ ಯಾರೂ ಇರಲಿಲ್ಲ.

ಪುಸ್ತಕ ಹೇಗೋ ಬೆಂಗಳೂರಿನ ಒಬ್ಬ ನಿರ್ದೇಶಕನ ಕೈಗೆ ಸಿಕ್ಕಿತು. ಒಳ್ಳೆಯ ಹುಡುಗ, ಚಿಕ್ಕ ಗಡ್ಡ, ಬಗಲಲ್ಲಿ ಚೀಲ, ಕಾಲು ಮುಟ್ಟಿ ನಮಸ್ಕಾರ ಮಾಡಿದ. ಓದುತ್ತ ಅತ್ತುಬಿಟ್ಟೆ ಎಂದ. ಯಾವ ಪುಟದಲ್ಲಿ ಎಂದು ದೊಡ್ಡವ್ವ ಕೇಳಿದಳು. ತನ್ನ ಪುಸ್ತಕದಲ್ಲಿ ಅಳುವಂಥದ್ದು ಇದೆಯೆಂದು ಆಕೆಗೆ ಗೊತ್ತೇ ಇರಲಿಲ್ಲ. ಅವನು ಚೀಲದಿಂದ ಪುಸ್ತಕ ತೆಗೆದು ಹಾಳೆ ತಿರುವತೊಡಗಿದ. ಸಿನಿಮಾಕ್ಕೆ ಒಪ್ಪಿಗೆ ಕೊಡುವಾಗ ದೊಡ್ಡವ್ವ ಇಟ್ಟ ಕರಾರು ಒಂದೇ.

“ನನ್ನ ನಿಮಗ ಬೇಕಾದ್ಹಂಗ ತೋರಸ್ರಿ. ಕುಣಿಸ್ರಿ, ಹಾಡಸ್ರಿ, ನಾ ಏನೂ ಅನ್ನೂದಿಲ್ಲ. ನಮ್ಮತ್ತಿ ಮಾತ್ರ ಹೆಂಗಿದ್ಲೋ ಹಂಗ ಇರಬೇಕು. ಆಕೀದೊಂದ ಫೋಟೋನೂ ನೆಟ್ಟಗಿಲ್ಲ.”

“ಖಂಡಿತ ಅಮ್ಮ,” ಎಂದ ಅವನು. ಒಂದು ರೀತಿಯಲ್ಲಿ ನೋಡಿದರೆ ಮಾತು ಉಳಿಸಿಕೊಂಡ ಎಂದೇ ಹೇಳಬೇಕು.

ಹೆಂಗಸರ ಆತ್ಮಕಥೆ ಸಿನಿಮಾ ಆಗುವಾಗ ಏನೇನಾಗುತ್ತದೆ ಎಂಬುದನ್ನು ನಾನು ಆಗಿನಿಂದ ಹತ್ತಿರದಲ್ಲಿ ಕಂಡೆ. ಮೊದಲಿಗೆ ಹೆಸರು ಹೋಗುತ್ತದೆ. ‘ಗಿರಣಿ ನಡದೈತಿ’ ಎಂಬುದು ‘ಮೌನದ ಕಲ್ಲು’ ಆಯಿತು. ಹೀಗೆ ಮೌನವಾದದ್ದು ನಮ್ಮ ದೊಡ್ಡವ್ವ! ನಾಯಕಿಗೆ ಇಡೀ ಸಿನಿಮಾದಲ್ಲಿ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸುವಷ್ಟು ಮಾತು. ಆಮೇಲೆ ಯಂತ್ರಗಳು ಹೋಗುತ್ತವೆ. ಗಿರಣಿಯ ಸದ್ದಿನಲ್ಲಿ ಹಿನ್ನೆಲೆ ಸಂಗೀತ ಕೇಳುವುದಿಲ್ಲವಾದ್ದರಿಂದ ಗಿರಣಿ ತೆಗೆದು ಬೀಸುಕಲ್ಲು ಇಟ್ಟರು. ಬಳಿಕ ಮಳೆ ಬರುತ್ತದೆ. ಗಂಡಸರ ಜೀವನಚರಿತ್ರೆಯಲ್ಲಿ ರೈಲು ಬರುತ್ತದೆ, ಭಾಷಣ ಬರುತ್ತದೆ, ಜನಸಮೂಹ ಬರುತ್ತದೆ, ಹೆಂಗಸರದರಲ್ಲಿ ಮಳೆಯೊಂದೇ. ಪಾಪ, ಹುಬ್ಬಳ್ಳಿಯಲ್ಲಿ ಅಷ್ಟು ಮಳೆ ಬಿದ್ದಿದ್ದರೆ ಜೋಳದ ಹಿಟ್ಟಿಗೆಲ್ಲ ಹುಳ ಬಿದ್ದು ಗಿರಣಿ ಮುಚ್ಚಬೇಕಾಗುತ್ತಿತ್ತು.

ಇನ್ನು ಗಂಡ. ಸೀನುವ ಗಂಡನನ್ನು ತೆರೆಯ ಮೇಲೆ ತಂದರೆ ಜನ ನಗುತ್ತಾರೆ, ನಾಯಕಿಯ ದುಃಖ ಹಾಳಾಗುತ್ತದೆ ಎಂದು ದೊಡ್ಡಪ್ಪನನ್ನು ಕುಡುಕನನ್ನಾಗಿ ಮಾಡಿದರು. ದೊಡ್ಡಪ್ಪ ಕುಡಿಯುತ್ತಿದ್ದದ್ದು ಸೀನು ನಿಲ್ಲಲೆಂದು ಹೆಂಡತಿ ಕಾಸಿಕೊಟ್ಟ ಶುಂಠಿ ಕಷಾಯ, ಅದೂ ಮೂಗು ಹಿಡಿದುಕೊಂಡು. ಇದನ್ನೆಲ್ಲ ಕೇಳಿ ನಮ್ಮ ಮನೆಯವರಿಗೆ ಒಳಗೊಳಗೇ ಚಿಂತೆ ಹತ್ತಿತು. ನಾನೇನಾದರೂ ಆತ್ಮಕಥೆ ಬರೆದರೆ ತಮ್ಮ ಗತಿ ಏನು ಎಂದು ಒಂದು ಸಂಜೆ ಸುತ್ತಿ ಬಳಸಿ ಕೇಳಿದರು. ನೀವು ಒಂದೂ ದುರ್ಗುಣ ಬೆಳೆಸಿಕೊಂಡಿಲ್ಲ, ಹೀಗಾಗಿ ಸಿನಿಮಾದ ಹೆಸರು ತೆರೆಯ ಮೇಲೆ ಬೀಳುವ ಮೊದಲೇ ನಿಮ್ಮನ್ನು ಸಾಯಿಸಿಬಿಡುತ್ತಾರೆ ಎಂದೆ. ಫೋಟೋಕ್ಕೆ ಹಾರ ಹಾಕುವಾಗ ಕನ್ನಡಕ ಇರುವ ಫೋಟೋ ಕೊಡು ಎಂದು ಹೇಳಿ ಸಮಾಧಾನ ಮಾಡಿಕೊಂಡರು.

ಕಮರಿಪೇಟೆಯಲ್ಲಿ ಎಲ್ಲಿ ನೋಡಿದರೂ ವೈರು, ಗಾಡಿ, ಮೊಬೈಲಿನ ಅಂಗಡಿ. ಅದು ಕಮರಿಪೇಟೆಯ ಹಾಗೆ ಕಾಣುವುದಿಲ್ಲವೆಂದು ನಿರ್ದೇಶಕ ಹುಡುಕುತ್ತ ಹೋಗಿ ಕೊನೆಗೆ ಮೆಚ್ಚಿದ್ದು ಸುಳ್ಳವನ್ನು, ಸುಳ್ಳದಲ್ಲೂ ದೊಡ್ಡವ್ವನ ತಮ್ಮನ ಮನೆಯನ್ನು. ಆಕೆಯ ತವರುಮನೆಯೇ ಸಿನಿಮಾದಲ್ಲಿ ಗಂಡನ ಮನೆಯಾಯಿತು. ಮದುವೆಯಾಗಿ ಹೋಗುವ ದೃಶ್ಯದಲ್ಲಿ ನಾಯಕಿ ತವರಿನಿಂದ ಹೊರಟು ಅಳುತ್ತ ತವರಿಗೇ ಬಂದು ಮುಟ್ಟುತ್ತಾಳೆ. ದೊಡ್ಡವ್ವ ಇದನ್ನು ಬಹಳ ಮೆಚ್ಚಿದಳು. ತನ್ನ ಮದುವೆಯನ್ನೂ ಹೀಗೆ ಮಾಡಿದ್ದರೆ ಬಸ್ಸಿನ ತ್ರಾಸು ತಪ್ಪುತ್ತಿತ್ತು ಎಂದಳು.

ಶೂಟಿಂಗಿಗೆ ನಾನೂ ಹೋಗಿದ್ದೆ. ನೀರಿಗೆ ನಿಂತ ಹೆಂಗಸರಲ್ಲಿ ಒಬ್ಬಳಾಗಿ ನಿಲ್ಲಿ ಮೇಡಂ ಎಂದರು. ಮರುದಿನ ಹೊಸ ಇಳಕಲ್ ಸೀರೆ ಉಟ್ಟು, ಕನ್ನಡಿಯ ಮುಂದೆ ನಾಲ್ಕು ಥರದ ದುಃಖ ಅಭ್ಯಾಸ ಮಾಡಿ ಹೋದೆ. ತೆರೆಯ ಮೇಲೆ ಬಂದದ್ದು ನನ್ನ ಬಲ ಮೊಳಕೈ. ಅದೂ ಸ್ವಲ್ಪ ದಪ್ಪನಾಗಿ ಬಂದಿದೆ. ಬೀಗರ ಮನೆಯವರು ಮೊಬೈಲಿನಲ್ಲಿ ಆ ಜಾಗ ನಿಲ್ಲಿಸಿ, ನಮ್ಮ ಬೀಗಿತ್ತಿ ಇವರೇ ಎಂದು ಒಬ್ಬರಿಗೊಬ್ಬರು ತೋರಿಸುತ್ತಾರೆ.

ಅಲ್ಲಿಯೇ ಈ ಥರ್ಮಾಕೋಲಿನ ಕಲ್ಲು ಮೊದಲು ಕಂಡದ್ದು. ನಾಯಕಿಯ ಕೈ ನೋಯಬಾರದೆಂದು ಹಗುರದ್ದು ಮಾಡಿಸಿದ್ದರಂತೆ. ದೊಡ್ಡವ್ವ ಒಂದು ಬೆರಳಿನಿಂದ ಎತ್ತಿ ನೋಡಿ, ಇಷ್ಟು ಹಗುರವಿದ್ದರೆ ನಾನೂ ಅಳುತ್ತ ಬೀಸಬಹುದಿತ್ತು ಎಂದು ನನ್ನ ಕಿವಿಯಲ್ಲಿ ಹೇಳಿದಳು. ಕಿವಿಯಲ್ಲಿ ಹೇಳಿದ್ದು ಕ್ಯಾಮರಾದವರಿಗೂ ಕೇಳಿ ಎಲ್ಲರೂ ನಕ್ಕರು.

ಬಸಲಿಂಗವ್ವನ ಪಾತ್ರಕ್ಕೆ ಬಂದಿದ್ದವಳು ಸರೋಜಾಬಾಯಿ. ನಾಟಕ ಕಂಪನಿಯಲ್ಲಿ ಪಾತ್ರ ಮಾಡಿ ಹಣ್ಣಾದವಳು, ಈಗ ಗಬ್ಬೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಎಲ್ಲರೂ ದೊಡ್ಡವ್ವನ ಕೈಯಲ್ಲಿ ಸಹಿ ಕೇಳುತ್ತಿದ್ದರೆ ಈಕೆ ಮಾತ್ರ ಕುರ್ಚಿ ಸರಿಸಿಕೊಂಡು ಬಂದು ಕೂತಳು.

“ನಿಮ್ಮತ್ತಿಯವರು ಹೆಂಗ ನಡೀತಿದ್ರು, ಒಂದೀಟ ನಡದ ತೋರಸ್ರಿ.”

ದೊಡ್ಡವ್ವ ಎದ್ದಳು. ಎಡಗೈ ಸೊಂಟಕ್ಕೆ ಹೋಯಿತು, ಮೈ ಒಂದು ಕಡೆಗೆ ವಾಲಿತು. ಎರಡು ಬೆರಳಲ್ಲಿ ಹಿಟ್ಟು ತಿಕ್ಕಿ ಕೆನ್ನೆಗೆ ತಗಲಿಸುವುದನ್ನು ತೋರಿಸಿದಳು, ಸೀರೆಯ ನಿರಿಗೆಯನ್ನು ಎಲ್ಲಿಗೆ ಎತ್ತಿ ಸಿಕ್ಕಿಸುತ್ತಿದ್ದಳೆಂಬುದನ್ನು ತೋರಿಸಿದಳು. ಸರೋಜಾಬಾಯಿ ಹಿಂದೆ ಹಿಂದೆ ನಡೆದಳು. ಸುಳ್ಳದ ಅಂಗಳದಲ್ಲಿ ಸ್ವಲ್ಪ ಹೊತ್ತು ಇಬ್ಬರು ಬಸಲಿಂಗವ್ವಂದಿರು ಓಡಾಡಿದರು. ಕೊನೆಗೆ ಸರೋಜಾಬಾಯಿ ಒಬ್ಬಳೇ ನಡೆದು ತೋರಿಸಿದಾಗ ದೊಡ್ಡವ್ವ ಕೈಮುಗಿದು ಅತ್ತುಬಿಟ್ಟಳು. ಆ ಸಿನಿಮಾದ ಸಂಬಂಧದಲ್ಲಿ ಆಕೆ ಅತ್ತಿದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಶೂಟಿಂಗ್ ಮುಗಿದ ದಿನ ನಿರ್ದೇಶಕ ನೆನಪಿಗೆಂದು ಕಲ್ಲನ್ನು ಕೊಟ್ಟ. ಖರೇ ಗಿರಣಿ ಇರುವ ಮನೆಯಲ್ಲಿ ಇದು ಬೇಡ, ನೀನು ಒಯ್ಯಿ ಎಂದು ದೊಡ್ಡವ್ವ ನನಗೆ ಕಟ್ಟಿದಳು.

ಹುಬ್ಬಳ್ಳಿಯಲ್ಲಿ ಸಿನಿಮಾ ಬಂದ ಮೊದಲ ದಿನವೇ ಓಣಿಯವರೆಲ್ಲ ಕೂಡಿ ಹೋದೆವು. ಮೊದಮೊದಲು ದೊಡ್ಡವ್ವ ಜೋರಾಗಿ ನಗುತ್ತ, ಅದು ನಮ್ಮ ತಮ್ಮನ ಎತ್ತು, ಅದು ಸುಮಾನ ಮೊಳಕೈ ಎಂದು ಅಕ್ಕಪಕ್ಕದವರಿಗೆ ತೋರಿಸುತ್ತಿದ್ದಳು. ಸುಮಾ ಎಂದರೆ ನಾನು. ಆಮೇಲೆ ಬಸಲಿಂಗವ್ವ ಬಂದಳು. ಅದೇ ಕೈ, ಅದೇ ನಡಿಗೆ. ಸೊಸೆ ಬೀಸಿದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ಕೆನ್ನೆಗೆ ತಗಲಿಸಿಕೊಂಡು, ಕಣ್ಣು ಸಣ್ಣದು ಮಾಡಿ, ಸೊಸೆಯ ಕೆನ್ನೆಗೆ ಒಂದು ಕೊಟ್ಟಳು.

ದೊಡ್ಡವ್ವನ ನಗೆ ಅಲ್ಲಿಗೆ ನಿಂತಿತು.

ಪುಸ್ತಕದಲ್ಲಿ, ‘ಅತ್ತಿ ನನ್ನನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ’ ಎಂದಿದೆ. ಸೊಸೆಯ ರೊಟ್ಟಿ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ ಇರುತ್ತಿತ್ತೆಂದು, ಗಿರಣಿಯಿಂದ ದಣಿದು ಬಂದವಳಿಗೆ ಬಸಲಿಂಗವ್ವ ತಾನೇ ಬಿಸಿರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಹಾಕಿ ಕೂಡಿಸಿ ಉಣಿಸುತ್ತಿದ್ದಳು. ಸಿನಿಮಾದಲ್ಲಿ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿತು, ಹೊರಗೆ ಮಳೆ ಸುರಿಯಿತು, ನಾಯಕಿ ಹೊಸ್ತಿಲ ಮೇಲೆ ಒಣರೊಟ್ಟಿ ನೆನೆಸಿಕೊಂಡು ತಿಂದಳು. ಇಂಟರ್ವಲ್ಲಿಗೆ ಸ್ವಲ್ಪ ಮೊದಲು ಹೆರಳಿನ ದೃಶ್ಯ ಬಂತು. ನಾಯಕಿ ಕನ್ನಡಿಯ ಮುಂದೆ ಹಾಡಿಕೊಳ್ಳುತ್ತ ಹೆರಳು ಹಾಕಿಕೊಳ್ಳುತ್ತಿದ್ದಾಳೆ. ಹಿಂದಿನಿಂದ ಬಸಲಿಂಗವ್ವ ಕತ್ತರಿ ಹಿಡಿದು ಬರುತ್ತಾಳೆ. ಗುಡುಗು. ನನ್ನ ಹಿಂದೆ ಕೂತಿದ್ದ ಹೆಂಗಸೊಬ್ಬಳು, ಈ ಮುದುಕಿಯನ್ನು ಗಿರಣಿಗೆ ಹಾಕಿ ಬೀಸಬೇಕು ಎಂದು ಶಾಪ ಹಾಕಿದಳು. ಟಾಕೀಸಿನ ತುಂಬ ಹೌದು ಹೌದು ಎನ್ನುವ ದನಿಗಳು.

ನಿಜವಾಗಿ ಆದದ್ದು ಇಷ್ಟು. ಹೊಸ ಸೊಸೆ ನೀಲವ್ವ ಬಗ್ಗಿ ಹಿಟ್ಟು ಬಳಿಯುತ್ತಿದ್ದಳು. ಮೊಳಕಾಲು ಮುಟ್ಟುವ ಹೆರಳು ಜಾರಿ ತಿರುಗುವ ಬೆಲ್ಟಿಗೆ ಸಿಕ್ಕಿ ಸುತ್ತಿಕೊಳ್ಳತೊಡಗಿತು. ಗಿರಣಿಯ ಗುಂಡಿ ಆರಿಸಿದರೂ ಚಕ್ರ ಕೂಡಲೇ ನಿಲ್ಲುವುದಿಲ್ಲ, ತನ್ನ ರಭಸಕ್ಕೆ ಇನ್ನೂ ಸುತ್ತುತ್ತಲೇ ಇರುತ್ತದೆ. ಬಸಲಿಂಗವ್ವ ಗುಂಡಿ ಆರಿಸಿ, ಚೀಲದ ಹೊಲಿಗೆ ಬಿಚ್ಚಲೆಂದು ಗೋಡೆಗೆ ತೂಗುಹಾಕಿದ್ದ ಕತ್ತರಿ ಎಳೆದುಕೊಂಡು ಸೊಸೆಯ ಹೆರಳನ್ನು ಕತ್ತಿನ ಹತ್ತಿರ ಕತ್ತರಿಸಿದಳು. ಮುತ್ತೈದೆಯ ಕೂದಲು ಕತ್ತರಿಸಿದ್ದಕ್ಕೆ ಬೀಗರು ನೆಂಟರು ಏನೇನೋ ಆಡಿಕೊಂಡರು. ಬಸಲಿಂಗವ್ವ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಮರುದಿನ ಗಂಡಸರು ಹೆಗಲಿಗೆ ಹಾಕುವ ವಲ್ಲಿಯನ್ನು ಎರಡು ತುಂಡು ಮಾಡಿ ಒಂದನ್ನು ತನ್ನ ತಲೆಗೆ, ಒಂದನ್ನು ಸೊಸೆಯ ತಲೆಗೆ ಬಿಗಿದು ಕಟ್ಟಿದಳು. ಅಂದಿನಿಂದ ಆ ಗಿರಣಿಯಲ್ಲಿ ನಿಲ್ಲುವ ಹೆಣ್ಣುಮಕ್ಕಳೆಲ್ಲ ತಲೆಗೆ ವಲ್ಲಿ ಕಟ್ಟುತ್ತಾರೆ. ಈಗ ಗಿರಣಿ ನಡೆಸುವ ದೊಡ್ಡವ್ವನ ಸೊಸೆ ರೇಖಾನೂ ಕಟ್ಟುತ್ತಾಳೆ.

ಸಿನಿಮಾ ಮುಗಿದ ಮೇಲೆ ಯಾರು ಯಾರೋ ಬಂದು ದೊಡ್ಡವ್ವನ ಕೈ ಹಿಡಿದು, ಎಷ್ಟು ಕಷ್ಟ ಸೋಸಿದಿರಿ ತಾಯಿ ಎಂದು ಅತ್ತರು. ‘ಮೌನದ ಕಲ್ಲು’ ಎಂಬ ಹೆಸರು ಆಕೆಗೆ ಒಪ್ಪಿದ್ದು ಜೀವನದಲ್ಲಿ ಆ ಒಂದು ತಾಸು. ಆಟೋದಲ್ಲಿ ಕಮರಿಪೇಟೆಯ ತಿರುವು ಬಂದಾಗ ಬಾಯಿಬಿಟ್ಟಳು.

“ನನ್ನ ಏನರ ಮಾಡ್ಲಿ, ನಾ ಇನ್ನೂ ಬಾಯಿದ್ದಾಕಿ ಅದೇನಿ. ಆಕಿ ಸತ್ತಾಳ ಸುಮಾ. ಬಂದು ಹಂಗಲ್ಲ ಅಂತ ಹೆಂಗ ಹೇಳ್ಯಾಳು?”

ನನಗೆ ಬಹಳ ಸಿಟ್ಟು ಬಂದಿತ್ತು. ನಿರ್ದೇಶಕನಿಗೆ ಫೋನು ಮಾಡಿ, ಕ್ಲಾಸಿನಲ್ಲಿ ಮಾಡುತ್ತಿದ್ದಂತೆ ದನಿ ಏರಿಸಿದೆ. ಅವನು ಸಾವಧಾನದಿಂದ, ಹೆರಳು ಕತ್ತರಿಸಿದ್ದು ಪುಸ್ತಕದಲ್ಲೇ ಇದೆಯಲ್ಲ ಮೇಡಂ, ಯಾಕೆ ಅನ್ನೋದು ಮಾತ್ರ ಇರಲಿಲ್ಲ, ನೋವಿನಿಂದ ಬಿಟ್ಟಿದ್ದಾರೆ ಅಂದ್ಕೊಂಡು ನಾವು ತುಂಬಿಕೊಂಡ್ವಿ ಎಂದ. ಅತ್ತೆಯನ್ನು ಹೆಂಗಿದ್ದಳೋ ಹಂಗೇ ತೋರಿಸಿದ್ದೇವೆ, ನಡಿಗೆ ಕೂಡ ಬದಲಿಸಿಲ್ಲ ಎಂದೂ ಸೇರಿಸಿದ. ಅವನ ದನಿಯಲ್ಲಿ ಮೋಸವಿರಲಿಲ್ಲ. ಅವನ ಊರಿನಲ್ಲಿ ಹಿಟ್ಟು ಪ್ಯಾಕೆಟಿನಲ್ಲಿ ಬರುತ್ತದೆ. ಬೆಲ್ಟಿನ ವಿಷಯ ಅವನಿಗೆ ಯಾರು ಹೇಳಬೇಕು? ನಾನು ಏರಿಸಿದ ದನಿಯನ್ನು ಹೇಗೆ ಇಳಿಸಬೇಕೆಂದು ತಿಳಿಯದೆ, ಊಟ ಆಯಿತೇನಪ್ಪ ಎಂದು ಕೇಳಿ ಫೋನು ಇಟ್ಟೆ.

ಆದರೆ ಕಮರಿಪೇಟೆಯಲ್ಲಿ ಅದರ ಫಲ ಉಣ್ಣಬೇಕಾಯಿತು. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬಂದು ಬೋರ್ಡ್ ಕಾಣುವಂತೆ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ಮೊಬೈಲಿನಲ್ಲಿ ‘ಆ ದುಷ್ಟ ಮುದುಕಿಯ ಗಿರಣಿ’ ಎಂದು ಒಂದು ವಿಡಿಯೋ ಓಡಾಡಿತು. ಓಣಿಯ ಹಳಬರು ತೀರಿಹೋಗುತ್ತಿದ್ದಾರೆ. ಹೊಸದಾಗಿ ಬಾಡಿಗೆಗೆ ಬಂದವರಿಗೆ ಬಸಲಿಂಗವ್ವ ಎಂದರೆ ಸಿನಿಮಾದವಳೇ. ಒಳ್ಳೆಯ ಮನಸ್ಸಿನ ಗಿರಾಕಿಯೊಬ್ಬರು, ಬೋರ್ಡ್ ಬದಲಿಸಿ ನಿಮ್ಮ ಹೆಸರು ಹಾಕಿಸಿಬಿಡಿ ಎಂದು ದೊಡ್ಡವ್ವನಿಗೆ ಹೇಳಿ ಹೋದರು. ಅವತ್ತಿನಿಂದ ಆಕೆ ಗಿರಣಿಯ ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟಳು. ಎಂಬತ್ತರ ಹತ್ತಿರದ ಹೆಂಗಸು, ಪಾಳಿಯವರ ಜೊತೆ ಜಗಳವಾಡುವುದೊಂದೇ ಆಕೆಗಿದ್ದ ವ್ಯಾಯಾಮ. ನಮಗೆಲ್ಲ ಹೆದರಿಕೆಯಾಯಿತು.

ಕೆಲವು ತಿಂಗಳ ಮೇಲೆ ಸಿನಿಮಾ ಟೀವಿಯಲ್ಲಿ ಬೇಕಾದಾಗ ನೋಡುವಂತೆ ಬಂತು. ನಾನು ಹೋದ ದಿನ ದೊಡ್ಡವ್ವ ಅದನ್ನು ಹಚ್ಚು ಎಂದಳು. ನನಗೆ ಅಚ್ಚರಿಯಾಯಿತು, ಬೇಡ ದೊಡ್ಡವ್ವ, ಯಾಕ ಸುಮ್ಮನ ತ್ರಾಸ ಮಾಡ್ಕೋತಿ ಬೇ ಎಂದೆ.

“ಆಕಿ ನಡ್ಯೂದಷ್ಟ ನೋಡ್ತೇನಿ,” ಎಂದಳು. “ಮತ್ತೆಲ್ಲಿ ನೋಡ್ಲಿ?”

ಗೋಡೆಯ ಮೇಲಿನ ಫೋಟೋದಲ್ಲಿ ಬಸಲಿಂಗವ್ವನ ಕಿವಿ ಹಾಗೇ ಗಿರಣಿಯ ಕಡೆ ತಿರುಗಿತ್ತು. ನಾನು ಹಚ್ಚಿಕೊಟ್ಟೆ. ಸೆಕೆಯೆಂದು ನಡುವಿನ ಬಾಗಿಲು ತೆರೆದಿತ್ತು. ಅತ್ತ ರೇಖಾ ಯಾರದೋ ಗೋಧಿ ಸುರುವಿ ಗಿರಣಿ ಚಾಲೂ ಮಾಡಿದಳು. ಆ ಸದ್ದಿನಲ್ಲಿ ಟೀವಿಯ ಮಾತು, ಮಳೆ, ಗುಡುಗು, ಪಿಟೀಲು ಎಲ್ಲ ಮುಚ್ಚಿಹೋದವು. ತೆರೆಯ ಮೇಲೆ ಬಸಲಿಂಗವ್ವ ಸದ್ದಿಲ್ಲದೆ ನಡೆದು ಬಂದಳು. ಬಾಯಿ ತೆರೆದು ಮುಚ್ಚುತ್ತಿತ್ತು, ಕೈ ಸೊಂಟದ ಮೇಲಿತ್ತು. ಮಾತು ಕೇಳದಿದ್ದರೆ ಅದು ಪೂರಾ ಬಸಲಿಂಗವ್ವನೇ.

ಪಾಳಿಯಲ್ಲಿ ನಿಂತ ಹೆಂಗಸರು ಬಾಗಿಲಿನಿಂದ ಇಣುಕಿದರು. ಹೊಸದಾಗಿ ಓಣಿಗೆ ಬಂದ ಹುಡುಗಿಯೊಬ್ಬಳು, ಮುದುಕಿ ಏನ ಅನ್ನಾಕತ್ತಾಳ್ರಿ ಎಂದು ಕೂಗಿ ಕೇಳಿದಳು. ದೊಡ್ಡವ್ವ ತಿರುಗಿ ನೋಡಲಿಲ್ಲ, ತೆರೆಯ ಮೇಲೆಯೇ ಕಣ್ಣಿಟ್ಟು, ಗಿರಣಿಯ ಸದ್ದನ್ನು ಮೀರುವ ತನ್ನ ಆ ಹಳೆಯ ದನಿ ತೆಗೆದಳು.

“ಹಿಟ್ಟ ಸುಡಾಕತ್ತೈತಿ, ಕಲ್ಲ ಸಡ್ಲ ಮಾಡ ಅನ್ನಾಕತ್ತಾಳ.”

ತೆರೆಯ ಮೇಲೆ ಬಸಲಿಂಗವ್ವ ಸೊಸೆಯ ಕಡೆ ಬೆರಳು ತೋರಿಸಿ ಗದರಿದಳು. ಬದನೆಕಾಯಿ ಪಲ್ಯ ಆರಾಕತ್ತೈತಿ, ಬಂದು ಉಣ್ಣು ಅಂತಾಳ ಎಂದಳು ದೊಡ್ಡವ್ವ. ಕುಡುಕ ಗಂಡ ತೂರಾಡುತ್ತ ಬಾಗಿಲಿಗೆ ಬಂದ. ನೋಡ್ರಿ, ಸೀನಿ ಸೀನಿ ಸುಸ್ತಾಗಿ ಬಂದಾರ ಎಂದಳು. ಹೆಂಗಸರು ನಕ್ಕು ನಕ್ಕು ಡಬ್ಬಿಗಳ ಮೇಲೆ ಕೂತರು. ಮೊದಲೇ ಹಿಟ್ಟು ಬೀಸಿಸಿಕೊಂಡಿದ್ದ ಒಬ್ಬಳು ಮನೆಗೆ ಹೋಗದೆ ಅಲ್ಲಿಯೇ ನಿಂತಳು. ನಾಯಕಿ ಅಳುವಾಗಲೆಲ್ಲ ದೊಡ್ಡವ್ವ, ಖಾರದಪುಡಿ ಬೀಸೂ ದಿನಾ ಅದು ಎಂದು ಹೇಳಿ ಮುಂದೆ ಹೋಗುತ್ತಿದ್ದಳು. ನಾನು ಇಷ್ಟು ವರ್ಷ ಕನ್ನಡ ಕಲಿಸಿದವಳು, ಇಷ್ಟು ಒಳ್ಳೆಯ ಸಂಭಾಷಣೆ ಯಾವ ಸಿನಿಮಾದಲ್ಲೂ ಕೇಳಿರಲಿಲ್ಲ.

ಹೆರಳಿನ ದೃಶ್ಯ ಬಂತು. ಬಸಲಿಂಗವ್ವ ಹಿಂದಿನಿಂದ ಕತ್ತರಿ ಹಿಡಿದು ಬರುತ್ತಿದ್ದಳು. ಹೆಂಗಸರ ನಗೆ ಇಳಿಯಿತು. ದೊಡ್ಡವ್ವ ತೊಡೆಯ ಮೇಲೆ ಕೈ ಊರಿಕೊಂಡು ಹೇಳತೊಡಗಿದಳು. ಹೆರಳು ಬೆಲ್ಟಿಗೆ ಸಿಕ್ಕಿದ್ದು, ಗುಂಡಿ ಆರಿಸಿದರೂ ಚಕ್ರ ನಿಲ್ಲದ್ದು, ಅತ್ತೆ ಕತ್ತರಿ ಎಳೆದುಕೊಂಡದ್ದು. ಪುಸ್ತಕದಲ್ಲಿ ಬಿಡಿಸಿ ಹೇಳಲು ಒಪ್ಪದವಳು ಈಗ ಒಂದೊಂದನ್ನೂ ಬಿಡಿಸಿ ಹೇಳಿದಳು. ಹೊಸ ಹುಡುಗಿ ತನ್ನ ಹೆರಳನ್ನು ತಿಳಿಯದೆಯೇ ಮುಂದಕ್ಕೆ ಎಳೆದು ಹಿಡಿದುಕೊಂಡಿದ್ದಳು.

“ಕತ್ತರಿಸಿ, ಹೆರಳಾ ಕೈಯಾಗ ಹಿಡ್ಕೊಂಡು ಹಿಟ್ಟಿನ್ಯಾಗ ಕುಂತಬಿಟ್ಲು. ಕೂದಲಾ ಹೋದ್ವಲ್ಲಾ ಅಂತ ನಾ ಅಳಾಕತ್ತಿದ್ದೆ. ಆಗ ಆಕಿ ಅಂದ್ಲು...”

ಅಷ್ಟರಲ್ಲಿ ಸುರುವಿದ ಗೋಧಿ ಮುಗಿದು ರೇಖಾ ಗಿರಣಿ ಆರಿಸಿದಳು. ಚಕ್ರ ಇನ್ನಷ್ಟು ಸುತ್ತಿ ನಿಂತಿತು. ನಿಂತ ಕೂಡಲೇ ಟೀವಿಯ ಗುಡುಗು ಮನೆಯ ತುಂಬ ಗುಡುಗಿತು. ಈ ಮನೆಯಲ್ಲಿ ನಿನ್ನ ನಗು ಕೇಳಿಸಕೂಡದು ಎಂದು ಸಿನಿಮಾದ ಮುದುಕಿ ಅಬ್ಬರಿಸಿದಳು. ದೊಡ್ಡವ್ವ ಬಾಯಿ ಮುಚ್ಚಿದಳು. ರಿಮೋಟ್ ಎಲ್ಲಿದೆಯೆಂದು ನಾನು ದಿಂಬಿನ ಕೆಳಗೆ ತಡಕಾಡುತ್ತಿದ್ದೆ.

“ರೇಖಕ್ಕಾ, ನನ್ನ ಡಬ್ಬಿ ಸುರುವಿ ಲಗೂನ ಚಾಲೂ ಮಾಡ್ರಿ,” ಎಂದಳು ಆ ಹೊಸ ಹುಡುಗಿ. “ಬಸಲಿಂಗವ್ವ ಏನಂದ್ಲು, ಕೇಳವಲ್ದು.”

ರೇಖಾ ಜೋಳ ಸುರುವಿ ಗುಂಡಿ ಒತ್ತಿದಳು. ಗಿರಣಿ ಎದ್ದಿತು, ಗುಡುಗು ಅಡಗಿತು. ದೊಡ್ಡವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಆ ಸದ್ದಿನ ಮೇಲೆ, ಓಣಿಯ ಆಚೆ ತುದಿಗೂ ಕೇಳುವಂತೆ ಹೇಳಿದಳು:

“ಕೂದಲಾ ಮತ್ತ ಬರತಾವ ಹುಚ್ಚಿ, ನಿನ್ನ ಎಲ್ಲಿಂದ ತರ್ಲಿ ಅಂದ್ಲು.”